ಗುರುವಾರ ಇರುವುದು ಗಣಿತದ ಪರೀಕ್ಷೆ, ಲೋಕದ ಅಂತ್ಯ ಅಲ್ಲ

ಫೆಬ್ರವರಿ ಬಂತೆಂದರೆ ನನ್ನ ದೃಢೀಕರಣದ ಕ್ಲಾಸಿನಲ್ಲಿ, ಅಂದರೆ ಚರ್ಚಿನ ಮಕ್ಕಳು ತಮ್ಮ ವಿಶ್ವಾಸವನ್ನು ಸಭೆಯ ಮುಂದೆ ದೃಢಪಡಿಸುವ ಮೊದಲು ಕಲಿಯುವ ಕ್ಲಾಸಿನಲ್ಲಿ, ಒಂದು ಪ್ರಶ್ನೆ ಬಂದೇ ಬರುತ್ತದೆ. ಈ ಸಲ ಕೇಳಿದ್ದು ಎಸ್ಸೆಸ್ಸೆಲ್ಸಿ ಓದುತ್ತಿದ್ದ ಹುಡುಗಿ. "ಪಾಸ್ಟರ್, ಯೇಸು ಸ್ವಾಮಿ ಪರೀಕ್ಷೆಗೆ ಮುಂಚೆನೇ ಬಂದ್ಬಿಟ್ರೆ ಗಣಿತ ಓದಿದ್ದೆಲ್ಲ ವೇಸ್ಟ್ ಅಲ್ವಾ?" ಉಳಿದವರು ನಕ್ಕರು. ಅವಳು ನಗಲಿಲ್ಲ. ಫೋನ್ ತೆಗೆದು ಯಾರೋ ಕಳಿಸಿದ ವಿಡಿಯೊ ತೋರಿಸಿದಳು. ಭೂಕಂಪ, ಯುದ್ಧ, ಕೆಂಪು ಚಂದ್ರ, ಹಿಂದೆ ಎದೆ ನಡುಗಿಸುವ ಸಂಗೀತ, ಕೊನೆಯಲ್ಲಿ ಒಂದು ತಾರೀಕು. ಎರಡು ವಾರದಿಂದ ಅವಳಿಗೆ ಸರಿಯಾಗಿ ನಿದ್ದೆ ಇರಲಿಲ್ಲವಂತೆ.

ಆ ವಿಡಿಯೊ ಮಾಡಿದವನ ಮೇಲೆ ನನಗೆ ಬಂದ ಸಿಟ್ಟು ಸಭಾಪಾಲಕನಿಗೆ ಒಪ್ಪುವಂಥದ್ದಲ್ಲ. ಅದನ್ನು ಬಿಡಿ.

ಕ್ರಿಸ್ತನು ಮತ್ತೆ ಬರುತ್ತಾನೆ, ಸತ್ತವರು ಎದ್ದು ಬರುತ್ತಾರೆ, ನ್ಯಾಯತೀರ್ಪು ಇದೆ. ಇದನ್ನು ಆರಾಧನೆಯ ವಿಶ್ವಾಸ ಪ್ರಮಾಣದಲ್ಲಿ ನೀವೇ ಬಾಯಿತುಂಬ ಹೇಳುತ್ತೀರಿ. ದೇವರು ಹೊಸ ಆಕಾಶ ಹೊಸ ಭೂಮಿ ಮಾಡುತ್ತಾನೆ ಅನ್ನುವುದೂ ಬೈಬಲಿನಲ್ಲಿದೆ. ಹಾಗಾಗಿ ಇಲ್ಲಿ ವಿವರಿಸುವುದಿಲ್ಲ. ನನ್ನ ತಲೆನೋವು ತಾರೀಕಿನದು.

ಮಾರ್ಕನ ಸುವಾರ್ತೆ 13ನೇ ಅಧ್ಯಾಯ, 32ನೇ ವಚನ. ಆ ದಿನ, ಆ ಗಳಿಗೆ ಯಾರಿಗೂ ಗೊತ್ತಿಲ್ಲ. ಪರಲೋಕದ ದೂತರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು. "ಮಗನಿಗೂ" ಅನ್ನುವುದನ್ನು ಇನ್ನೊಂದು ಸಲ ಓದಿ. ಇದನ್ನು ಹೇಳುತ್ತಿರುವುದು ಯೇಸುವೇ. ತನಗೇ ಗೊತ್ತಿಲ್ಲ ಎಂದು ಆತ ಹೇಳಿದ ಸಂಗತಿ ಯೂಟ್ಯೂಬಿನಲ್ಲಿ ಒಬ್ಬರಿಗೆ ಗೊತ್ತಾಗಿಬಿಟ್ಟಿದೆ!

ಇಷ್ಟು ಹೇಳಿದ ಮೇಲೂ ಪ್ರತಿ ವರ್ಷ ಒಬ್ಬ ಕೈ ಎತ್ತುತ್ತಾನೆ. "ಪಾಸ್ಟರ್, ದಿನ, ಗಳಿಗೆ ತಾನೇ ಗೊತ್ತಿಲ್ಲ ಅಂದಿದ್ದು? ವರ್ಷ ಗೊತ್ತಾಗಬಹುದಲ್ಲಾ?" ಮುಂದೆ ಒಳ್ಳೆ ವಕೀಲನಾಗುತ್ತಾನೆ. ಆದರೆ ಈ ಕೇಸು ಗೆಲ್ಲುವುದಿಲ್ಲ. ಅಪೊಸ್ತಲರ ಕೃತ್ಯಗಳು ಒಂದನೇ ಅಧ್ಯಾಯ ತೆಗೆಯಿರಿ. ಸಾವಿನಿಂದ ಎದ್ದ ಯೇಸುವಿನ ಜೊತೆ 40 ದಿನ ಕಳೆದಿದ್ದ ಶಿಷ್ಯರು ಇದನ್ನೇ ಕೇಳುತ್ತಾರೆ: ಸ್ವಾಮೀ, ಈಗಲೇನಾ? ಕಾಲಗಳನ್ನೂ ಸಮಯಗಳನ್ನೂ ತಿಳಿಯುವುದು ನಿಮ್ಮ ಕೆಲಸ ಅಲ್ಲ, ಅನ್ನುತ್ತಾನೆ ಆತ. ಕಾಲ ಅಂದಮೇಲೆ ವರ್ಷವೂ ಬಂತು, ತಿಂಗಳೂ ಬಂತು. ಶಿಷ್ಯನಾದ ಪೇತ್ರನಿಗೆ ಸಿಗದ ಉತ್ತರ ನನಗೂ ಇಲ್ಲ, ನಿಮಗೂ ಇಲ್ಲ.

"ಹಾಗಾದ್ರೆ ಅಂತ್ಯದ ಗುರುತುಗಳು?" ಯುದ್ಧ, ಬರಗಾಲ, ಭೂಕಂಪ ಎಂದು ಮತ್ತಾಯನ ಸುವಾರ್ತೆ 24ರಲ್ಲಿ ಇದೆ, ನಿಜ. ಆದರೆ ವಿಡಿಯೊದವರು ಆ ಭಾಗದ ಅರ್ಧ ಮಾತ್ರ ಓದುತ್ತಾರೆ. ಉಳಿದರ್ಧದಲ್ಲಿ ಯೇಸು ಹೇಳುವುದು, ಕಳವಳಪಡಬೇಡಿ, ಇದು ಇನ್ನೂ ಅಂತ್ಯ ಅಲ್ಲ ಎಂದು. ಸುದ್ದಿ ಕೇಳಿದಾಗ ನೀವು ಗಾಬರಿಯಾಗದಿರಲಿ ಎಂದು ಹೇಳಿದ ಮಾತನ್ನೇ ಹಿಡಿದು ನಿಮ್ಮನ್ನು ಗಾಬರಿಗೊಳಿಸುತ್ತಾರೆ. ಯುದ್ಧವೂ ಭೂಕಂಪವೂ ಇಲ್ಲದ ಒಂದು ನೂರು ವರ್ಷ ಇತಿಹಾಸದಲ್ಲಿ ಇದೆಯಾ? ನಿಮ್ಮ ಸಮಾಜ ವಿಜ್ಞಾನದ ಟೀಚರನ್ನು ಕೇಳಿ ನೋಡಿ.

ಆ ಹುಡುಗಿಗೆ ಗಣಿತದ ಭಯ ಇತ್ತಲ್ಲ, ಅವಳಿಗೆ ಒಬ್ಬ ಗಣಿತಜ್ಞನ ಕಥೆ ಹೇಳಿದೆ. ಹೆಸರು ಮಿಖಾಯೆಲ್ ಸ್ಟಿಫೆಲ್, ಜರ್ಮನಿಯವನು, ಸಭಾಪಾಲಕ, ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರನ ಸ್ನೇಹಿತ. ರೋಮನ್ ಅಂಕಿಗಳಲ್ಲಿ ಅಕ್ಷರವೇ ಸಂಖ್ಯೆ ಅಲ್ವಾ? ಅದನ್ನಿಟ್ಟುಕೊಂಡು ಪೋಪ್ ಹತ್ತನೇ ಲಿಯೋನ ಲ್ಯಾಟಿನ್ ಹೆಸರಿನಲ್ಲಿದ್ದ ಅಂಥ ಅಕ್ಷರಗಳನ್ನು ಕೂಡಿದ. 1656 ಬಂತು. ಬೇಕಾಗಿದ್ದದ್ದು 666, ಬೈಬಲಿನ ಕೊನೆಯದಾದ ಪ್ರಕಟನೆ ಪುಸ್ತಕದಲ್ಲಿ ದೇವರನ್ನು ಎದುರಿಸುವ ಮೃಗದ ಸಂಖ್ಯೆ. ಏನು ಮಾಡಿದ? ಹೆಸರಿನಲ್ಲಿದ್ದ 'ಎಂ' ಅಕ್ಷರ "ರಹಸ್ಯ" ಅನ್ನುವ ಲ್ಯಾಟಿನ್ ಮಾತಿನ ಮೊದಲಕ್ಷರ ಎಂದು 1000 ಕಳೆದ. ಹತ್ತನೇ ಲಿಯೋ ತಾನೇ, ಎಂದು 10 ಸೇರಿಸಿದ. 666 ಬಂದೇಬಿಟ್ಟಿತು. ಮೊದಲು ಉತ್ತರ ಬರೆದುಕೊಂಡು ಆಮೇಲೆ ಸ್ಟೆಪ್ಸ್ ತುಂಬುವುದು. ಪರೀಕ್ಷೆಯಲ್ಲಿ ನೀವು ಹೀಗೆ ಮಾಡಿದರೆ ಮಾರ್ಕ್ಸ್ ಕೊಡುತ್ತಾರಾ?

ಅಷ್ಟಕ್ಕೇ ನಿಲ್ಲಿಸಲಿಲ್ಲ. ಯೋಹಾನನ ಸುವಾರ್ತೆಯ ಒಂದು ಲ್ಯಾಟಿನ್ ವಾಕ್ಯವನ್ನು ಹಾಗೆಯೇ ಕೂಡಿದಾಗ 1533 ಬಂತು. ಆ ವರ್ಷ ಅಕ್ಟೋಬರ್ 19, ಬೆಳಿಗ್ಗೆ 8 ಗಂಟೆಗೆ ಲೋಕ ಮುಗಿಯುತ್ತದೆ ಎಂದು ಸಾರಿದ. ಲೂಥರ್ ಬೇಡ ಎಂದರೂ ಕೇಳಲಿಲ್ಲ. ಅವನ ಊರಾದ ಲೊಖಾವಿನ ಚರ್ಚಿನಲ್ಲಿ ಜನ ಕಾದು ಕುಳಿತರು. ಎಂಟು ಹೊಡೆಯಿತು, ಒಂಬತ್ತೂ ಆಯಿತು. ಸ್ಟಿಫೆಲನನ್ನು ಹಿಡಿದುಕೊಂಡು ಹೋದರು, ಸಭೆಯೂ ಕೈತಪ್ಪಿತು. ಕೊನೆಗೆ ಲೂಥರನೇ ಮಧ್ಯೆ ಬಂದು ಕಾಪಾಡಬೇಕಾಯಿತು. ಆಮೇಲೆ ಅವನು ತಾರೀಕಿನ ಸಹವಾಸ ಬಿಟ್ಟು ನಿಜವಾದ ಗಣಿತಕ್ಕೆ ಕುಳಿತ. 1544ರಲ್ಲಿ ದೊಡ್ಡ ಗ್ರಂಥ ಬಂತು. ನೀವು ಒದ್ದಾಡುವ ಘಾತಾಂಕವಿದೆಯಲ್ಲ, ಅದಕ್ಕೆ ಲ್ಯಾಟಿನ್ನಿನಲ್ಲಿ ಆ ಹೆಸರು ಕೊಟ್ಟವನು ಇವನೇ. ಈ ಮನುಷ್ಯನ ಮೇಲೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ.

ಅವನಂಥವರು ಆಮೇಲೂ ಬಂದರು. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ಬೋಧಕನ ಹಿಂಬಾಲಕರು 1844ರ ಅಕ್ಟೋಬರ್ 22ಕ್ಕೆ ಕಾದರು. ಕೆಲವರು ಹೊಲದ ಬೆಳೆಯನ್ನೂ ಹಾಗೇ ಬಿಟ್ಟಿದ್ದರು. ಆ ದಿನಕ್ಕೆ "ಮಹಾ ನಿರಾಶೆ" ಎಂದೇ ಹೆಸರು ಉಳಿಯಿತು. ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದರು. ದಿನ ದಾಟಿದಾಗ ಅಕ್ಟೋಬರ್ 21 ಎಂದರು. ಮರುವರ್ಷ, ತಾವು ತಾರೀಕು ಹೇಳಿದ್ದೇ ತಪ್ಪು ಎಂದು ಒಪ್ಪಿಕೊಂಡರು. ಹಾಗೆ ಒಪ್ಪಿಕೊಳ್ಳುವವರು ಕಡಿಮೆ.

ಇನ್ನು 666, ಆ ಮೃಗ ಜನರ ಬಲಗೈಗೋ ಹಣೆಗೋ ಹಾಕಿಸುವ ಗುರುತಿನ ಸಂಖ್ಯೆ. ಹೋಟೆಲ್ ಬಿಲ್ 666 ಬಂತೆಂದು ಒಂದು ಟೀ ಜಾಸ್ತಿ ಹೇಳಿ ಮೊತ್ತ ಬದಲಾಯಿಸಿದ ಹಿರಿಯರೊಬ್ಬರು ನನಗೆ ಗೊತ್ತು. ಟೀ ನನಗೇ ಸಿಕ್ಕಿದ್ದರಿಂದ ನಾನು ಸುಮ್ನಿದ್ದೆ. ಆದರೆ ಆಧಾರ್ ಮಾಡಿಸಲು ಹೆದರಿದ ಅಮ್ಮ, ಕೋವಿಡ್ ಲಸಿಕೆಯೇ ಮೃಗದ ಗುರುತು ಎಂದು ಸೂಜಿಗೆ ಒಲ್ಲೆನೆಂದ ಅಜ್ಜ, ಇವರ ಮುಂದೆ ಸುಮ್ನಿರಲು ಆಗಲಿಲ್ಲ. ಪ್ರಕಟನೆ ಪುಸ್ತಕ ಹೋಗಿದ್ದು ಈಗಿನ ತುರ್ಕಿಯಲ್ಲಿದ್ದ ಏಳು ಸಭೆಗಳಿಗೆ. ಎಫೆಸ, ಸ್ಮುರ್ನ, ಪೆರ್ಗಮ ಊರಿನವರಿಗೆ. ಅವರ ತಲೆಯ ಮೇಲೆ ಕೂತಿದ್ದದ್ದು ರೋಮ್ ಸಾಮ್ರಾಜ್ಯ. ಹೀಬ್ರೂವಿನಲ್ಲೂ ಅಕ್ಷರವೇ ಸಂಖ್ಯೆ. "ನೆರೋನ್ ಕೈಸರ್" ಅನ್ನುವುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಕೂಡಿದರೆ 666 ಬರುತ್ತದೆ. ಕೊನೆಯ "ನ್" ಬಿಟ್ಟರೆ 616. ಕೆಲವು ಹಳೆಯ ಪ್ರತಿಗಳಲ್ಲಿ 616 ಎಂದೇ ಇದೆ. ಕ್ರೈಸ್ತರನ್ನು ಹಿಂಸಿಸಿದ ಆ ಚಕ್ರವರ್ತಿ ನೀರೋನನ್ನೇ ಅದು ಸೂಚಿಸುತ್ತದೆ ಎಂದು ಬಹಳ ವಿದ್ವಾಂಸರು ಹೇಳುತ್ತಾರೆ. ಎಲ್ಲರೂ ಅಲ್ಲ.

ಹಾಗಂತ ನೀರೋ ಸತ್ತ, ಪುಸ್ತಕದ ಕೆಲಸ ಮುಗಿಯಿತು ಎಂದು ನಾನು ಹೇಳುತ್ತಿಲ್ಲ. ದೇವರಿಗೆ ಸಲ್ಲಬೇಕಾದ ಆರಾಧನೆಯನ್ನು ತನಗೆ ಸಲ್ಲಿಸು ಅನ್ನುವ ಅಧಿಕಾರ ಯಾವ ಕಾಲದಲ್ಲಾದರೂ ಬರಬಹುದು. ಗುರುತಿನ ಪ್ರಶ್ನೆ ಅದು, ನೀನು ಯಾರವನು ಎಂದು. ಪ್ರಕಟನೆಯ 13ನೇ ಅಧ್ಯಾಯದ ಹಣೆಯ ಗುರುತಿಗೆ ಹೆದರುವವರು ಮುಂದಿನ ಅಧ್ಯಾಯದ ಮೊದಲ ವಚನವನ್ನು ಓದುವುದೇ ಇಲ್ಲ. ಅಲ್ಲಿಯೂ ಜನರ ಹಣೆಯ ಮೇಲೆ ಹೆಸರಿದೆ, ಯಜ್ಞದ ಕುರಿಯಾದಾತನ, ಅಂದರೆ ಕ್ರಿಸ್ತನ ಹೆಸರು, ಆತನ ತಂದೆಯ ಹೆಸರು. ಅದನ್ನು ಬಾರ್‌ಕೋಡ್ ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ, ಅಂತ್ಯಕ್ಕೆ ಮುಂಚಿನ ಮಹಾಸಂಕಟ, ವಿಶ್ವಾಸಿಗಳು ಕ್ರಿಸ್ತನ ಬಳಿಗೆ ಎತ್ತಲ್ಪಡುವುದು, ಇವುಗಳ ಬಗ್ಗೆ ಸಭೆಯಿಂದ ಸಭೆಗೆ ಬೋಧನೆ ಬೇರೆ. ಸಾವಿರ ವರ್ಷಕ್ಕೆ ಮೊದಲು ಕ್ರಿಸ್ತನು ಬರುತ್ತಾನೆ ಅನ್ನುವವರಿದ್ದಾರೆ, ಆಮೇಲೆ ಅನ್ನುವವರಿದ್ದಾರೆ, ಆ ಸಂಖ್ಯೆಯೇ ಸಾಂಕೇತಿಕ ಅನ್ನುವವರೂ ಇದ್ದಾರೆ. ಸಂಕಟಕ್ಕೆ ಮೊದಲೇ ವಿಶ್ವಾಸಿಗಳು ಸದ್ದಿಲ್ಲದೆ ಮಾಯವಾಗುತ್ತಾರೆ ಅನ್ನುವ ಬೋಧನೆ ಹೆಚ್ಚು ಹರಡಿದ್ದು 19ನೇ ಶತಮಾನದಲ್ಲಿ, ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕನಿಂದ. ನನಗೆ ನನ್ನ ಅಭಿಪ್ರಾಯ ಇದೆ, ಕ್ಲಾಸಿನಲ್ಲಿ ಹೇಳುವುದಿಲ್ಲ. ನಿಮ್ಮ ಸಭೆಯ ಹಿರಿಯರನ್ನು ಕೇಳಿ. ಇದಕ್ಕಾಗಿ ಪೆಂಟೆಕೊಸ್ಟಲ್ ಗೆಳೆಯನ ಜೊತೆ ಜಗಳ ಮಾತ್ರ ಆಡಬೇಡಿ.

ಆ ಹುಡುಗಿಗೆ ಓದಲು ಕೊಟ್ಟಿದ್ದು ಥೆಸಲೊನೀಕ ಪಟ್ಟಣದ ಕ್ರೈಸ್ತರಿಗೆ ಅಪೊಸ್ತಲ ಪೌಲನು ಬರೆದ ಎರಡನೆಯ ಪತ್ರ. ಕರ್ತನ ದಿನ, ಅಂದರೆ ಕ್ರಿಸ್ತನು ಮತ್ತೆ ಬರುವ ದಿನ, ಬಂದೇಬಿಟ್ಟಿದೆ ಎಂದು ಅಲ್ಲಿ ಸುದ್ದಿ ಹಬ್ಬಿತ್ತು. ಕೆಲವರು ಕೆಲಸ ಬಿಟ್ಟು ತಿರುಗುತ್ತಿದ್ದರು. ಅವರು ಕೆಲಸ ಬಿಟ್ಟಿದ್ದು ಆ ಸುದ್ದಿಯಿಂದಲೇ ಎಂದು ಖಚಿತವಾಗಿ ಹೇಳಲಾಗದು, ಆದರೆ ಪೌಲನ ಮದ್ದು ಸ್ಪಷ್ಟ: ದುಡಿದು ಉಣ್ಣಿ. "ಅಂದ್ರೆ ಓದ್ಬೇಕು" ಎಂದಳು, ಮುಖ ಸಣ್ಣ ಮಾಡಿಕೊಂಡು. ಹೌದಮ್ಮ, ಓದ್ಬೇಕು. ವಿಡಿಯೊದ ತಾರೀಕು ಬಂದ ದಿನ ಬೆಳಿಗ್ಗೆ ಅವಳ ಮೆಸೇಜು ಬಂತು: "ಪಾಸ್ಟರ್, ಇಲ್ಲೇ ಇದೀವಿ." ಗಣಿತದಲ್ಲಿ 71 ಬಂತು.

ಅವತ್ತು ಕ್ಲಾಸು ಮುಗಿದ ಮೇಲೆ ಎಂಟನೇ ಕ್ಲಾಸಿನ ಒಬ್ಬ ಹಿಂದೆ ಉಳಿದಿದ್ದ. ಹೊಸ ಭೂಮಿಯಲ್ಲಿ ತನ್ನ ನಾಯಿ ಇರುತ್ತದಾ ಎಂದು ಕೇಳಿದ. ಪ್ರವಾದಿ ಯೆಶಾಯನ ಪುಸ್ತಕದಲ್ಲಿ ತೋಳವೂ ಕುರಿಯೂ ಒಟ್ಟಿಗೆ ಇರುತ್ತವೆ, ಇಡೀ ಸೃಷ್ಟಿಯೇ ಬಿಡುಗಡೆಗೆ ಕಾಯುತ್ತಿದೆ ಎಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ, ಹಾಗಾಗಿ ನನಗೆ ನಂಬಿಕೆ ಇದೆ ಎಂದೆ. ಖುಷಿಯಾಗಿ ಹೋದ. ಪ್ರಕಟನೆಯ ಕೊನೆಯ ಅಧ್ಯಾಯದಲ್ಲಿ "ನಾಯಿಗಳು ಪಟ್ಟಣದ ಹೊರಗಿರುವವು" ಅನ್ನುವ ಅರ್ಥದ ವಚನವೂ ಇದೆ. ಅಲ್ಲಿ ನಾಯಿ ಅಂದರೆ ಕೆಟ್ಟ ಮನುಷ್ಯರು. ಅದನ್ನು ವಿವರಿಸಲು ಅವನು ಆ ಪುಟ ತಲುಪುವವರೆಗೆ ನನಗೆ ಸಮಯ ಇದೆ.