ಲೀಸ್ ಮನೆಗೂ ಬಾಡಿಗೆ ಕಟ್ತಾರಾ?

ಓದುಗರ ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಲೀಸ್ ಮನೆಯಲ್ಲಿದ್ದೇವೆ. ತಿಂಗಳ ಬಾಡಿಗೆ ಇಲ್ಲ. ಅಮೆರಿಕದಲ್ಲಿರುವ ನನ್ನ ತಂಗಿಯೂ ‘ಲೀಸ್‌ಗೆ ಸೈನ್ ಹಾಕಿದ್ವಿ’ ಅಂತಾಳೆ, ಆದರೆ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾಳೆ. ಅದು ರೆಂಟ್ ಅಲ್ವಾ? ರೆಂಟ್, ಲೀಸ್, ಹೈರ್ ಇವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು?

ನಿಮ್ಮ ತಂಗಿ ಹೇಳಿದ್ದು ಸರಿ. ನೀವು ಹೇಳಿದ್ದೂ ತಪ್ಪಲ್ಲ, ಆದರೆ ಆ ಅರ್ಥದ ಲೀಸ್ ನಮ್ಮ ಕಡೆಯದು. ಅದನ್ನು ವಿಮಾನ ಹತ್ತಿಸಿದರೆ ಇಳಿದ ಕಡೆ ಯಾರಿಗೂ ಅರ್ಥವಾಗುವುದಿಲ್ಲ.

ಇಂಗ್ಲಿಷಿನಲ್ಲಿ ರೆಂಟ್ ಅಂದರೆ ಮುಖ್ಯವಾಗಿ ದುಡ್ಡು. ಲೀಸ್ ಅಂದರೆ ಕರಾರು. ಇಷ್ಟು ದಿನ ಈ ಮನೆ ನಿಮ್ಮ ವಶದಲ್ಲಿರುತ್ತೆ, ಅದಕ್ಕೆ ಇಷ್ಟು ಕೊಡಬೇಕು ಎಂಬ ಒಪ್ಪಂದ. ಹಾಗಾಗಿ ಒಂದೇ ಮನೆಗೆ ಲೀಸೂ ಇರುತ್ತೆ, ರೆಂಟೂ ಇರುತ್ತೆ. ನಿಮ್ಮ ತಂಗಿ ಸೈನ್ ಹಾಕಿದ್ದು ಲೀಸಿಗೆ, ಕಟ್ಟುತ್ತಿರುವುದು ರೆಂಟು.

ನಮ್ಮ ಕಾನೂನು ಹೇಳುವುದೂ ಇದನ್ನೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 105ನೇ ಸೆಕ್ಷನ್ ಪ್ರಕಾರ, ಹಣಕ್ಕೋ ಬೇರೆ ಪ್ರತಿಫಲಕ್ಕೋ ಒಂದು ಆಸ್ತಿಯನ್ನು ಅನುಭವಿಸುವ ಹಕ್ಕನ್ನು ಕೊಟ್ಟರೆ ಅದು ಲೀಸ್. ಅಂದರೆ ನಾವೆಲ್ಲ ‘ರೆಂಟಲ್ ಅಗ್ರಿಮೆಂಟ್’ ಅಂತ ಮಾಡಿಸುವ 11 ತಿಂಗಳ ಕಾಗದವೂ ಸಾಮಾನ್ಯವಾಗಿ ಲೀಸೇ. ಅಂದಹಾಗೆ, 11 ಯಾಕೆ? ಒಂದು ವರ್ಷ ದಾಟುವ ಲೀಸನ್ನು ನೋಂದಾಯಿಸಲೇಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಓಡಾಟ, ಖರ್ಚು ಯಾರಿಗೆ ಬೇಕು ಅಂತ ಜನ ಒಂದು ತಿಂಗಳು ಮೊದಲೇ ನಿಲ್ಲಿಸಿಬಿಡುತ್ತಾರೆ.

ಹಾಗಾದರೆ ನೀವಿರುವ ಮನೆ ಯಾವ ಲೆಕ್ಕ? ಅದಕ್ಕೆ ನಮ್ಮದೇ ಹೆಸರಿದೆ: ಭೋಗ್ಯ. ‘ಮನೆ ಭೋಗ್ಯಕ್ಕಿದೆ’ ಎಂಬ ಬೋರ್ಡು ಈಗಲೂ ಕಾಣುತ್ತೆ. ಹತ್ತು ಲಕ್ಷವೋ ಹದಿನೈದು ಲಕ್ಷವೋ ಒಟ್ಟಿಗೆ ಮಾಲೀಕರ ಕೈಗಿಡುತ್ತೀರಿ. ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುತ್ತೀರಿ. ಬಿಡುವಾಗ ಅಸಲು ವಾಪಸ್. ಆ ದುಡ್ಡಿನ ಬಡ್ಡಿಯೇ ಮಾಲೀಕರಿಗೆ ಬಾಡಿಗೆ. ನೋಡಿದರೆ ಇದು ಬಾಡಿಗೆಗಿಂತ ಸಾಲಕ್ಕೇ ಹತ್ತಿರ. ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಸೆಕ್ಷನ್‌ನಲ್ಲಿ ಇಂಥದ್ದೊಂದು ಅಡಮಾನವಿದೆ. ಸಾಲ ಕೊಟ್ಟವನು ಬಡ್ಡಿಯ ಬದಲು ಆಸ್ತಿಯನ್ನೇ ಇಟ್ಟುಕೊಂಡು ಅನುಭವಿಸುವುದು. ದಕ್ಷಿಣ ಕೊರಿಯಾದಲ್ಲೂ ಹೀಗೆ ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇರುವ ಪದ್ಧತಿ ಇದೆ. ಅಲ್ಲಿ ಅದನ್ನು ಜೊನ್ಸೆ ಅನ್ನುತ್ತಾರೆ. ಕೊರಿಯಾದವರು ತಮ್ಮ ಪದವನ್ನು ಇಟ್ಟುಕೊಂಡರು. ನಾವು ಭೋಗ್ಯ ಎಂಬ ಚೆಂದದ ಪದ ಕೈಯಲ್ಲಿದ್ದೂ ಲೀಸ್ ಅಂದೆವು. ಗೊಂದಲ ಶುರುವಾಗಿದ್ದು ಅಲ್ಲಿಂದ.

ಹೊರಗಿನವರಿಗೆ ಇಂಗ್ಲಿಷಿನಲ್ಲಿ ಹೇಳಬೇಕಾದರೆ ಒಂದೇ ಪದ ಹುಡುಕಬೇಡಿ. ‘ದೊಡ್ಡ ಡಿಪಾಸಿಟ್ ಕೊಟ್ಟಿದ್ದೇವೆ, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಡಿಪಾಸಿಟ್ ಪೂರ್ತಿ ವಾಪಸ್’ ಅಂತ ಬಿಡಿಸಿಯೇ ಹೇಳಿ.

ರೆಂಟ್ ಪದಕ್ಕೆ ಇನ್ನೊಂದು ತಕರಾರಿದೆ. ‘ಐ ರೆಂಟೆಡ್ ಎ ಹೌಸ್’ ಅಂದರೆ ಮನೆ ಕೊಟ್ಟಿರೋ, ತಗೊಂಡಿರೋ? ಹೆಚ್ಚಾಗಿ ತಗೊಂಡೆ ಅಂತಲೇ ಅರ್ಥ, ಆದರೂ ಎರಡೂ ಆಗಬಹುದು. ಕನ್ನಡದಲ್ಲಿ ಈ ಕಷ್ಟವಿಲ್ಲ. ಬಾಡಿಗೆಗೆ ಕೊಟ್ಟೆ, ಬಾಡಿಗೆಗೆ ತಗೊಂಡೆ, ಮುಗೀತು. ಇಂಗ್ಲಿಷಿನಲ್ಲಿ ಕೊಟ್ಟವರು ‘ರೆಂಟ್ ಔಟ್’ ಅಂದರೆ ಅನುಮಾನ ಉಳಿಯುವುದಿಲ್ಲ. ‘ಲೆಟ್’ ಅಂತೂ ಕೊಡುವವರದೇ ಪದ. ಗೇಟಿಗೆ ನೇತುಹಾಕುವ ‘ಟು ಲೆಟ್’ ಇದೇ. ನಡುವೆ ಒಂದು ‘ಐ’ ಸೇರಿಸಿ ಅದನ್ನು ಟಾಯ್ಲೆಟ್ ಮಾಡುವ ಹುಡುಗರು ಪ್ರತಿ ಬೀದಿಯಲ್ಲೂ ಇದ್ದಾರೆ. ಕಾಗದದಲ್ಲಿ ಬರುವ ಲೆಸರ್, ಲೆಸ್ಸಿ ಎಂಬ ಜೋಡಿ ಕಂಡು ತಲೆ ಕೆಟ್ಟರೆ ಎಂಪ್ಲಾಯರ್, ಎಂಪ್ಲಾಯೀ ನೆನಪಿಸಿಕೊಳ್ಳಿ. ಕೊನೆಯಲ್ಲಿ ‘ಅರ್’ ಇದ್ದವರು ಕೊಡುವವರು, ‘ಈ’ ಇದ್ದವರು ಪಡೆಯುವವರು.

ಹೈರ್ ಸ್ವಲ್ಪ ಹೊತ್ತಿನ ಬಾಡಿಗೆ. ಮದುವೆಗೆ ಹಾಲ್, ಒಂದು ದಿನಕ್ಕೆ ಕಾರು. ಇದು ಬ್ರಿಟನ್ನಿನ ಬಳಕೆ. ಅಮೆರಿಕದಲ್ಲಿ ಕಾರನ್ನು ರೆಂಟ್ ಮಾಡುತ್ತಾರೆ, ಹೈರ್ ಮಾಡುವುದು ಹೆಚ್ಚಾಗಿ ಮನುಷ್ಯರನ್ನು, ಕೆಲಸಕ್ಕೆ. ಅಲ್ಲಿ ಕಾರನ್ನು ‘ಲೀಸ್’ ಮಾಡಿದೆ ಅಂದರೆ ಎರಡು ಮೂರು ವರ್ಷ ತಿಂಗಳು ತಿಂಗಳು ಕಟ್ಟಿ, ಆಮೇಲೆ ಹಿಂದಿರುಗಿಸುವ ಏರ್ಪಾಟು. ನಮ್ಮ ಆಟೋದವರು ‘ಬೆಳಗ್ಗೆಯಿಂದ ಎರಡೇ ಬಾಡಿಗೆ ಆಗಿದ್ದು ಸಾರ್’ ಅಂದಾಗ ಮಾತ್ರ ಇವು ಮೂರೂ ಬರುವುದಿಲ್ಲ. ಅಲ್ಲಿ ಬಾಡಿಗೆ ಅಂದರೆ ಟ್ರಿಪ್. ಅವರಿಗೆ ಕೊಡುವ ದುಡ್ಡು ರೆಂಟ್ ಅಲ್ಲ, ಫೇರ್.

ಕನ್ನಡದಲ್ಲಿ ಎಲ್ಲಕ್ಕೂ ಬಾಡಿಗೆ ಒಂದೇ ಪದ ಅಂದುಕೊಳ್ಳಬೇಡಿ. ಹೊಲದ ಮಾತು ಬಂದರೆ ಗುತ್ತಿಗೆ, ಗೇಣಿ ಬರುತ್ತವೆ. ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿ ಅಂತ ಬೇರೆ ಬೇರೆ ಇದ್ದವು. ಮೊದಲನೆಯದು ಕಾಯಂ, ಎರಡನೆಯದರಲ್ಲಿ ಒಡೆಯ ಮನಸ್ಸು ಬದಲಿಸಿದರೆ ಜಮೀನು ಹೋಯಿತು. ಇಂಗ್ಲಿಷಿನಲ್ಲಿ ಈ ವ್ಯತ್ಯಾಸ ಹೇಳಲು ಲೀಸ್ ಪದಕ್ಕೆ ಒಂದೊಂದು ಬಾಲ ಸೇರಿಸಬೇಕು.

ನೀವು ಕೇಳದೇ ಇದ್ದರೂ ಒಂದು ವಿಷಯ ಹೇಳಿಬಿಡುತ್ತೇನೆ, ಇದರಲ್ಲಿ ನಾನೇ ಬಿದ್ದಿದ್ದೇನೆ. ಬೆಂಗಳೂರಿನಲ್ಲಿ ಮನೆ ಹಿಡಿದಾಗ ಕೊಟ್ಟು, ಬಿಡುವಾಗ ವಾಪಸ್ ಪಡೆಯುವ ಮೊತ್ತವನ್ನು ನಾವು ‘ಅಡ್ವಾನ್ಸ್’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು ಡಿಪಾಸಿಟ್. ಅಡ್ವಾನ್ಸ್ ಅಂದರೆ ಮುಂಗಡ, ಮುಂದೆ ಕೊಡಬೇಕಾದ್ದರಲ್ಲಿ ವಜಾ ಆಗುವ ದುಡ್ಡು. ‘ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಸುಸ್ತಾಗಿದ್ದೇನೆ’ ಅಂತ ಇಂಗ್ಲೆಂಡಿನ ಸಹೋದ್ಯೋಗಿಗೆ ಒಮ್ಮೆ ಬರೆದಿದ್ದೆ. ಅವರು ಖುಷಿಯಿಂದ ಉತ್ತರ ಬರೆದರು: ಹಾಗಾದರೆ ಇನ್ನು ಹತ್ತು ತಿಂಗಳು ಬಾಡಿಗೆಯ ಚಿಂತೆ ಇಲ್ಲ ಬಿಡಿ!