ರೋಗಿಯ ಹಾಸಿಗೆಗೂ ವಿದ್ಯಾರ್ಥಿಗೂ ಎಷ್ಟು ದೂರ?

2020ರ ಮಾರ್ಚ್ 17, ಕೋವಿಡ್ ಹಬ್ಬುತ್ತಿದ್ದ ಸಮಯ. ಅದೇ ಒಂದು ದಿನ ವೈದ್ಯಕೀಯ ವಿದ್ಯಾರ್ಥಿಗಳ ಬಗ್ಗೆ ಎರಡು ದೇಶಗಳಲ್ಲಿ ಎರಡು ತೀರ್ಮಾನಗಳು ಹೊರಬಿದ್ದವು. ವಿದ್ಯಾರ್ಥಿಗಳನ್ನು ಸದ್ಯಕ್ಕೆ ರೋಗಿಗಳ ಹತ್ತಿರ ಬಿಡಬೇಡಿ ಎಂದು ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ ಸಲಹೆ ಕೊಟ್ಟಿತು. ಇಟಲಿ ಸರ್ಕಾರ ಅದೇ ದಿನಾಂಕದ ತುರ್ತು ಆದೇಶದಲ್ಲಿ, ಪದವಿ ಮುಗಿಸಿದವರು ವೈದ್ಯರಾಗಲು ಬರೆಯಬೇಕಿದ್ದ ರಾಷ್ಟ್ರೀಯ ಪರೀಕ್ಷೆಯನ್ನೇ ತೆಗೆದುಹಾಕಿತು. ಸುಮಾರು 10,000 ಹೊಸ ವೈದ್ಯರು ತಿಂಗಳುಗಟ್ಟಲೆ ಕಾಯದೆ ಕೆಲಸಕ್ಕೆ ಸೇರುವ ದಾರಿ ತೆರೆಯಿತು. ಒಂದು ಕಡೆ ‘ಬರಬೇಡಿ’, ಇನ್ನೊಂದು ಕಡೆ ‘ಬೇಗ ಬನ್ನಿ’.

ಆನ್‌ಲೈನ್ ವೈದ್ಯಕೀಯ ಶಿಕ್ಷಣದ ಕಥೆಯನ್ನು ಸಾಮಾನ್ಯವಾಗಿ ಲ್ಯಾಪ್‌ಟಾಪ್, ಇಂಟರ್ನೆಟ್, ಝೂಮ್‌ನಿಂದ ಶುರು ಮಾಡುತ್ತಾರೆ. ನನಗೆ ಅದು ಆ ಮಾರ್ಚ್ 17ರಿಂದಲೇ ಶುರುವಾಗುತ್ತದೆ ಅನ್ನಿಸುತ್ತದೆ. ಯಾಕೆಂದರೆ ಆ ದಿನ ಎದ್ದದ್ದು ತಂತ್ರಜ್ಞಾನದ ಪ್ರಶ್ನೆ ಅಲ್ಲ. ವಾರ್ಡಿನಲ್ಲಿ ನಿಂತಿರುವ ವಿದ್ಯಾರ್ಥಿ ಅಲ್ಲಿನ ಕೆಲಸಗಾರನೋ, ಅತಿಥಿಯೋ? ಕೆಲಸಗಾರನಾದರೆ ಕಷ್ಟಕಾಲದಲ್ಲಿ ಅವನು ಬೇಕು. ಅತಿಥಿಯಾದರೆ ಮೊದಲು ಮನೆಗೆ ಕಳಿಸಬೇಕಾದವನೇ ಅವನು.

ಹಿಂದಿನ ಪಿಡುಗುಗಳಲ್ಲಿ ಉತ್ತರ ಹೆಚ್ಚಾಗಿ ‘ಕೆಲಸಗಾರ’ ಎಂದೇ ಇತ್ತು. 1918ರಲ್ಲಿ ಫಿಲಡೆಲ್ಫಿಯಾದಲ್ಲಿ ಇನ್‌ಫ್ಲುಯೆಂಝಾ ಹಬ್ಬಿದಾಗ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ತರಗತಿಗಳು ನಿಂತವು. ಮೂರನೇ ವರ್ಷದ ಹುಡುಗರಿಗೆ ಆ ರೋಗದ ಬಗ್ಗೆ ಒಂದೇ ಒಂದು ಪಾಠ ಮಾಡಿ, ತಾತ್ಕಾಲಿಕ ಆಸ್ಪತ್ರೆಯಲ್ಲಿ ನರ್ಸ್‌ಗಳ ಕೆಲಸಕ್ಕೆ ಹಚ್ಚಿದರು. 1952ರ ಕೋಪನ್‌ಹೇಗನ್‌ನ ಕಥೆ ಇನ್ನೂ ದೊಡ್ಡದು. ಪೋಲಿಯೋದಿಂದ ಉಸಿರಾಟದ ಸ್ನಾಯುಗಳು ಸೋತ ರೋಗಿಗಳು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ಉಸಿರಾಟದ ಯಂತ್ರಗಳು ಬೆರಳೆಣಿಕೆಯಷ್ಟು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞ, ಗಂಟಲಿಗೆ ಕೊಳವೆ ಇಟ್ಟು ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಗಾಳಿ ಕೊಡಬಹುದು ಎಂದು ತೋರಿಸಿದ. ಆ ಚೀಲ ಒತ್ತುವವರು ಯಾರು? ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ, ಹಗಲು ರಾತ್ರಿ, ರೋಗಿಯ ತಲೆಯ ಬಳಿ ಕೂತು ಒತ್ತಿದರು. ಎಷ್ಟೋ ಮಕ್ಕಳು ಬದುಕಿದ್ದು ಆ ಕೈಗಳಿಂದ.

ಹಾಗಾದರೆ 2020ರಲ್ಲಿ ಯಾಕೆ ದೂರ ಇಟ್ಟರು? ಮಾಸ್ಕ್, ಗೌನ್‌ಗಳ ಕೊರತೆ ಒಂದು ಕಾರಣ. ವೈದ್ಯರಿಗೇ ಸಾಲದಿದ್ದಾಗ ಕಲಿಯುವವರಿಗೆ ಎಲ್ಲಿಂದ ತರುವುದು? ಇನ್ನೊಂದು ಕಾರಣ 2003ರ ಹಾಂಗ್‌ಕಾಂಗ್‌ನಲ್ಲಿದೆ. ಅಲ್ಲಿನ ಪ್ರಿನ್ಸ್ ಆಫ್ ವೇಲ್ಸ್ ಆಸ್ಪತ್ರೆಯ ಒಂದು ವಾರ್ಡಿನಲ್ಲಿ ಒಬ್ಬ ರೋಗಿ ಮಲಗಿದ್ದ. ಅವನಿಗೆ ಇರುವುದು ಸಾರ್ಸ್ ಎಂಬ ಉಸಿರಾಟದ ಅಂಟುರೋಗ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಆ ವಾರ್ಡಿಗೆ ಎಂದಿನಂತೆ ವಿದ್ಯಾರ್ಥಿಗಳು ಬಂದು ಹೋದರು. ಹಾಗೆ ಹೋಗಿದ್ದ 66 ವಿದ್ಯಾರ್ಥಿಗಳನ್ನು ಆಮೇಲೆ ಅಧ್ಯಯನ ಮಾಡಿದಾಗ, ಅವರಲ್ಲಿ 16 ಮಂದಿಗೆ ರೋಗ ತಗುಲಿತ್ತು. ಆ ರೋಗಿಯಿದ್ದ ಭಾಗದೊಳಗೆ ಕಾಲಿಟ್ಟವರಿಗೆ ಅಪಾಯ ಏಳು ಪಟ್ಟು ಜಾಸ್ತಿ ಇತ್ತು. ಅವರು ಮಾಡಿದ ತಪ್ಪೇನೂ ಇಲ್ಲ. ವೈದ್ಯರಾಗುವವರು ಮಾಡಲೇಬೇಕಾದ್ದನ್ನೇ ಮಾಡಿದ್ದರು, ಅಷ್ಟೇ. ಆ ಊರಿನ ಕಾಲೇಜುಗಳು ವಿದ್ಯಾರ್ಥಿಗಳನ್ನು ವಾರ್ಡುಗಳಿಂದ ಹೊರಗೆ ಕರೆದುಕೊಂಡವು. 17 ವರ್ಷಗಳ ನಂತರ ಜಗತ್ತಿನ ಎಷ್ಟೋ ಕಾಲೇಜುಗಳು ಹಿಡಿದದ್ದು ಅದೇ ದಾರಿ.

ಪಾಠಗಳು ಆನ್‌ಲೈನ್‌ಗೆ ಹೋದದ್ದು ಅಷ್ಟೇನೂ ದೊಡ್ಡ ಸುದ್ದಿ ಅಲ್ಲ. 1959ರಲ್ಲೇ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ನರರೋಗಿಗಳ ಪರೀಕ್ಷೆಯನ್ನು ಎರಡೂ ಕಡೆಯಿಂದ ಮಾತಾಡಬಹುದಾದ ಟಿವಿಯಲ್ಲಿ ವಿದ್ಯಾರ್ಥಿಗಳಿಗೆ ತೋರಿಸಿದ್ದರು. ಕೋವಿಡ್‌ಗೆ ಮುಂಚೆಯೇ ಎಷ್ಟೋ ವಿದ್ಯಾರ್ಥಿಗಳು ರೆಕಾರ್ಡ್ ಆದ ಪಾಠವನ್ನು ಮನೆಯಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಿದ್ದರು. ಕಷ್ಟವಾಗಿದ್ದು ಮೇಷ್ಟ್ರಿಗೆ. ಕ್ಯಾಮೆರಾ ಆಫ್ ಆದ ಕಪ್ಪು ಚೌಕಗಳ ಎದುರು ಕೂತು, ಯಾರಿಗೆ ಅರ್ಥವಾಯಿತು, ಯಾರಿಗೆ ಆಗಲಿಲ್ಲ ಎಂದು ತಿಳಿಯದೆ ಗಂಟೆಗಟ್ಟಲೆ ಮಾತಾಡುವುದು ಸುಮ್ನೆ ಅಲ್ಲ. ನೆಟ್‌ವರ್ಕ್ ಸಿಗದ, ಮನೆಯಲ್ಲಿ ಒಂದೇ ಫೋನ್ ಇದ್ದ ವಿದ್ಯಾರ್ಥಿಗಳ ಪಾಡು ಅದಕ್ಕಿಂತ ಕೆಟ್ಟದಾಗಿತ್ತು.

ಡಿಸೆಕ್ಷನ್, ಅಂದರೆ ಶವ ಕೊಯ್ದು ಕಲಿಯುವ ವಿಷಯಕ್ಕೆ ಬಂದರೆ ಇತಿಹಾಸ ಹಿಂದಕ್ಕೆ ತಿರುಗಿದಂತೆ ಕಾಣುತ್ತದೆ. 16ನೇ ಶತಮಾನದ ಆರಂಭದವರೆಗೆ ಯುರೋಪಿನಲ್ಲಿ ಅಂಗರಚನೆಯ ಪಾಠ ಹೀಗಿರುತ್ತಿತ್ತು: ಪ್ರಾಧ್ಯಾಪಕ ಎತ್ತರದ ಪೀಠದಲ್ಲಿ ಕೂತು ಹಳೆಯ ಗ್ರಂಥ ಓದುತ್ತಾನೆ, ಕೆಳಗೆ ಕ್ಷೌರಿಕ ಶವ ಕೊಯ್ಯುತ್ತಾನೆ, ವಿದ್ಯಾರ್ಥಿಗಳು ದೂರದಿಂದ ನೋಡುತ್ತಾರೆ. 1537ರಲ್ಲಿ ಇಟಲಿಯ ಪಡುವಾದಲ್ಲಿ ಪಾಠ ಶುರುಮಾಡಿದ ಆಂಡ್ರಿಯಾಸ್ ವೆಸೇಲಿಯಸ್ ಪೀಠದಿಂದ ಇಳಿದು ತಾನೇ ಕತ್ತಿ ಹಿಡಿದ. ಪುಸ್ತಕದಲ್ಲಿದ್ದ ಎಷ್ಟೋ ತಪ್ಪುಗಳು ಸಿಕ್ಕಿದ್ದೇ ಹಾಗೆ. 2020ರಲ್ಲಿ ಕಾಲೇಜುಗಳ ಡಿಸೆಕ್ಷನ್ ಕೋಣೆಗಳು ಮುಚ್ಚಿದಾಗ ವಿದ್ಯಾರ್ಥಿಗಳು ಮತ್ತೆ ದೂರದ ನೋಡುಗರಾದರು. ಅವರ ಕೈಗೆ ಬಂದ ಡಿಜಿಟಲ್ ದೇಹಗಳು ಮಾತ್ರ ಚೆನ್ನಾಗಿದ್ದವು. 1994ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಒಂದು ಗಂಡು ದೇಹವನ್ನು 1 ಮಿಲಿಮೀಟರ್ ಅಂತರದಲ್ಲಿ ಸೀಳಿ ತೆಗೆದ 1,871 ಚಿತ್ರಗಳನ್ನು ಬಿಡುಗಡೆ ಮಾಡಿತ್ತು. ಅಂಥ ಕೆಲಸಗಳ ಮೇಲೆ ಕಟ್ಟಿದ ಮೂರು ಆಯಾಮದ ಚಿತ್ರಗಳಲ್ಲಿ ಒಂದು ನರವನ್ನು ಬೇಕಾದ ಕಡೆಯಿಂದ ತಿರುಗಿಸಿ ನೋಡಬಹುದು. ಆದರೆ ನಿಜವಾದ ದೇಹದಲ್ಲಿ ನರ ಹಳದಿ ಬಣ್ಣದಲ್ಲಿ ಹೊಳೆಯುವುದಿಲ್ಲ. ಕೊಬ್ಬಿನ ನಡುವೆ ಹುಡುಕಬೇಕು. ಆ ಹುಡುಕಾಟವೇ ಅರ್ಧ ಪಾಠ, ಅಲ್ವಾ?

ಎದೆಬಡಿತದ ಕಥೆ ಇನ್ನೂ ಸೂಕ್ಷ್ಮ. 1816ರಲ್ಲಿ ಲೆನೆಕ್ ಎಂಬ ಫ್ರೆಂಚ್ ವೈದ್ಯ ಒಬ್ಬ ಯುವತಿಯ ಎದೆಗೆ ನೇರವಾಗಿ ಕಿವಿ ಇಡಲು ಹಿಂಜರಿದು, ಕಾಗದವನ್ನು ಸುರುಳಿ ಸುತ್ತಿ ಅದರ ಮೂಲಕ ಕೇಳಿದ. ಸ್ಟೆತಸ್ಕೋಪ್ ಹುಟ್ಟಿದ್ದೇ ರೋಗಿಯಿಂದ ಒಂದು ಗೇಣು ದೂರ ನಿಲ್ಲುವ ಅಗತ್ಯದಿಂದ. ಆ ದೂರ ಊರಾಚೆಗೆ ಬೆಳೆದಾಗ ಮಾತ್ರ ಪೇಚಾಯಿತು. ಹೃದಯದ ಸದ್ದುಗಳು ಬಹಳ ತಗ್ಗು ಸ್ವರದವು. ಲ್ಯಾಪ್‌ಟಾಪಿನ ಸಣ್ಣ ಸ್ಪೀಕರ್ ಅವನ್ನು ಹೊರಡಿಸಲಾರದು. ವಿಡಿಯೋ ಕರೆಯ ತಂತ್ರಾಂಶಗಳು ಮನುಷ್ಯರ ಮಾತಿಗೆ ಹೊಂದಿಸಿದಂಥವು. ಒಂದೇ ಸಮನೆ ಕೇಳಿಸುವ ಮಂದ ಸದ್ದನ್ನು ಅವು ಫ್ಯಾನಿನ ಗದ್ದಲ ಎಂದು ತಿಳಿದು ಅಳಿಸಿಹಾಕುತ್ತವೆ. ಮೇಷ್ಟ್ರು ‘ಈ ಮರ್ಮರ್ ಕೇಳಿಸಿತಾ’ ಎಂದು ಕೇಳುವಾಗ ಆ ಮರ್ಮರ್, ಅಂದರೆ ಹೃದಯ ಬಡಿತಗಳ ನಡುವಿನ ಹೆಚ್ಚುವರಿ ಸದ್ದು, ಅರ್ಧ ದಾರಿಯಲ್ಲೇ ಅಳಿಸಿಹೋಗಿರುತ್ತದೆ. ಹೆಡ್‌ಫೋನ್ ಹಾಕಿಕೊಂಡು, ಸದ್ದು ಅಳಿಸುವ ಸೌಲಭ್ಯ ಆಫ್ ಮಾಡಿದರೆ ಸ್ವಲ್ಪ ಮಟ್ಟಿಗೆ ಕೇಳುತ್ತದೆ. ಉಬ್ಬಿದ ಯಕೃತ್ತಿನ ಅಂಚು ರೋಗಿ ಉಸಿರೆಳೆದಾಗ ಬೆರಳಿಗೆ ಬಂದು ತಾಗುವ ಅನುಭವಕ್ಕೆ ಅಂಥ ಉಪಾಯವೂ ಇರಲಿಲ್ಲ.

ಇದರ ಪರಿಣಾಮ ನೇರವಾಗಿ ಕಂಡಿದ್ದು ಪರೀಕ್ಷೆಗಳಲ್ಲಿ. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯ ರೊನಾಲ್ಡ್ ಹಾರ್ಡನ್ ಒಂದು ಪದ್ಧತಿ ತಂದಿದ್ದರು. ವಿದ್ಯಾರ್ಥಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಾ, ಕೆಲವೇ ನಿಮಿಷಗಳಲ್ಲಿ ಒಂದೊಂದು ಕೌಶಲ ತೋರಿಸಬೇಕು. ಇದು ಆನ್‌ಲೈನ್‌ಗೆ ಹೋದಾಗ ವಿದ್ಯಾರ್ಥಿ ‘ಈಗ ನಾನು ಹೊಟ್ಟೆಯ ಬಲಭಾಗ ಒತ್ತಿ ನೋಡುತ್ತೇನೆ’ ಎಂದು ಬಾಯಲ್ಲಿ ಹೇಳಬೇಕಾಯಿತು. ‘ಅಲ್ಲಿ ನೋವಿದೆ’ ಎಂದು ಪರೀಕ್ಷಕರು ಉತ್ತರ ಕೊಡುತ್ತಿದ್ದರು. ಏನು ಮಾಡಬೇಕೆಂದು ಗೊತ್ತಿದೆಯೇ ಎಂಬುದನ್ನು ಹೀಗೆ ಅಳೆಯಬಹುದು. ಮಾಡಲು ಬರುತ್ತದೆಯೇ ಎಂಬುದನ್ನು ಅಳೆಯಲಾಗದು. ಅಮೆರಿಕದಲ್ಲಿ ರೋಗಿಗಳಂತೆ ನಟಿಸುವವರನ್ನು ಪರೀಕ್ಷಿಸಿ ಪಾಸಾಗಬೇಕಿದ್ದ ಪರವಾನಗಿ ಪರೀಕ್ಷೆಯೊಂದನ್ನು 2020ರ ಮಾರ್ಚ್‌ನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿದ್ದರು. 2021ರ ಜನವರಿಯಲ್ಲಿ ಅದನ್ನು ಪೂರ್ತಿ ಕೈಬಿಟ್ಟರು. ಇಟಲಿಯ ಪರೀಕ್ಷೆಯೂ ವಾಪಸ್ ಬರಲಿಲ್ಲ.

ಲಾಭ ಆಗಲೇ ಇಲ್ಲ ಎಂದರೆ ಅನ್ಯಾಯವಾದೀತು. ವೈದ್ಯರು ವಿಡಿಯೋದಲ್ಲಿ ರೋಗಿಗಳನ್ನು ನೋಡತೊಡಗಿದಾಗ ವಿದ್ಯಾರ್ಥಿಗಳೂ ಆ ಕರೆಗೆ ಸೇರಿದರು. ಮುಟ್ಟಲು ಆಗದಿದ್ದಾಗ ಕೇಳುವುದನ್ನು ಕಲಿಯಲೇಬೇಕು. ನೋವು ಯಾವಾಗ ಶುರುವಾಯಿತು, ಮೆಟ್ಟಿಲು ಹತ್ತುವಾಗ ಏನಾಗುತ್ತದೆ, ರಾತ್ರಿ ಎಷ್ಟು ದಿಂಬು ಇಟ್ಟು ಮಲಗುತ್ತೀರಿ ಎಂದೆಲ್ಲ ತಾಳ್ಮೆಯಿಂದ ವಿಚಾರಿಸುವ ಅಭ್ಯಾಸಕ್ಕೆ ಪರದೆ ಒಳ್ಳೆಯ ಜಾಗವಾಯಿತು. ಕೆಲವು ಕಡೆ ಮೇಷ್ಟ್ರು ವಾರ್ಡ್ ರೌಂಡ್ಸ್‌ಗೆ ಕ್ಯಾಮೆರಾ ಇರುವ ಕನ್ನಡಕ ಹಾಕಿಕೊಂಡು ಹೋದರು, ವಿದ್ಯಾರ್ಥಿಗಳು ಮನೆಯಿಂದ ನೋಡಿದರು. ಆದರೆ ಇಲ್ಲಿ ನನ್ನನ್ನು ಕಾಡುವುದು ರೋಗಿಯ ಸ್ಥಿತಿ. ವಾರ್ಡಿನಲ್ಲಾದರೆ ತನ್ನ ಸುತ್ತ ನಿಂತ ಹತ್ತು ಮಂದಿ ಅವನಿಗೆ ಕಾಣುತ್ತಾರೆ. ಕ್ಯಾಮೆರಾದ ಆಚೆ ಯಾರಿದ್ದಾರೆ, ವಿದ್ಯಾರ್ಥಿಯ ಬೆನ್ನ ಹಿಂದೆ ಮನೆಯವರು ಓಡಾಡುತ್ತಿದ್ದಾರೆಯೇ, ಯಾರಾದರೂ ರೆಕಾರ್ಡ್ ಮಾಡುತ್ತಿದ್ದಾರೆಯೇ ಎಂದು ಅವನಿಗೆ ತಿಳಿಯುವುದು ಹೇಗೆ? ಒಪ್ಪಿಗೆ ಕೇಳುವಾಗ ಇದನ್ನೆಲ್ಲ ಬಿಡಿಸಿ ಹೇಳಬೇಕು ಎಂಬುದು ನಿಧಾನವಾಗಿ ಅರಿವಿಗೆ ಬಂತು.

2020ರ ಮಧ್ಯದಿಂದ ಒಂದೊಂದೇ ಕಾಲೇಜು ವಿದ್ಯಾರ್ಥಿಗಳನ್ನು ವಾರ್ಡಿಗೆ ಮರಳಿ ಕರೆಯಿತು. ಚಿಕ್ಕ ಗುಂಪುಗಳು, ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್. ಪರದೆಯ ಮೇಲೆ ರೋಗಿಯ ಮುಖ ಮಾತ್ರ ನೋಡಿ ಕಲಿತಿದ್ದವರಿಗೆ ಈಗ ಆ ಮುಖ ಅರ್ಧ ಮುಚ್ಚಿತ್ತು. ಹೊಟ್ಟೆ ಒತ್ತಿ ನೋಡುವಾಗ ಬೆರಳನ್ನಲ್ಲ, ರೋಗಿಯ ಮುಖವನ್ನು ನೋಡು, ನೋವಾದರೆ ಅಲ್ಲಿ ಮೊದಲು ತಿಳಿಯುತ್ತದೆ ಎಂಬುದು ಹಾಸಿಗೆಯ ಪಕ್ಕದ ಹಳೆಯ ಪಾಠ. ಅವರು ರೋಗಿಯ ಕಣ್ಣುಗಳನ್ನಷ್ಟೇ ನೋಡುತ್ತಾ, ಮೆಲ್ಲಗೆ ಒತ್ತಲು ಶುರು ಮಾಡಿದರು.