ಬಹಿಷ್ಕಾರ ಬಿದ್ದ ಹಾಡು ಮೊದಲ ಸ್ಥಾನಕ್ಕೇರಿದ್ದು ಹೇಗೆ?

ಪ್ರಶ್ನೆ: ಅಮೆರಿಕದ ಕಂಟ್ರಿ (ಅಲ್ಲಿಯ ಹಳ್ಳಿಗಾಡಿನ ಜನಪದದಿಂದ ಬೆಳೆದ ಸಂಗೀತ ಪ್ರಕಾರ) ಗಾಯಕ ಜೇಸನ್ ಆಲ್ಡೀನ್ ಅವರ ‘ಟ್ರೈ ದಟ್ ಇನ್ ಎ ಸ್ಮಾಲ್ ಟೌನ್’ ಹಾಡಿಗೆ 2023ರಲ್ಲಿ ನಿಷೇಧವೂ ಬಿತ್ತು, ಬಹಿಷ್ಕಾರವೂ ಬಿತ್ತು. ಆದರೂ ಅದು ಅಮೆರಿಕದ ಜನಪ್ರಿಯ ಹಾಡುಗಳ ವಾರದ ಪಟ್ಟಿಯಾದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಹಾಗಿದ್ದ ಮೇಲೆ ಒಂದು ಹಾಡನ್ನು ಬಹಿಷ್ಕರಿಸುವುದೆಂದರೆ ಅದಕ್ಕೆ ಪುಕ್ಕಟೆ ಪ್ರಚಾರ ಕೊಟ್ಟಂತೆಯೇ ಅಲ್ಲವೇ?

ಉತ್ತರ: ಅಲ್ಲ. ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ, ನಾನೂ ಉತ್ತರಿಸುತ್ತಲೇ ಇದ್ದೇನೆ. ಕೇಳುವವರಲ್ಲಿ ಹೆಚ್ಚಿನವರು ತೀರ್ಮಾನವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಬಂದು, ಅದಕ್ಕೊಂದು ಮೊಹರು ಮಾತ್ರ ಬಯಸುತ್ತಾರೆ. ಪ್ರಶ್ನೆಯ ಮೊದಲ ವಾಕ್ಯದಲ್ಲಿಯೇ ಎರಡು ತಪ್ಪುಗಳಿವೆ. ಅವನ್ನು ತಿದ್ದಿಕೊಂಡರೆ ಕೊನೆಯ ವಾಕ್ಯ ತಾನಾಗಿಯೇ ಬಿದ್ದುಹೋಗುತ್ತದೆ.

ಹಾಡು ಹೊರಬಂದದ್ದು 2023ರ ಮೇ ತಿಂಗಳಿನಲ್ಲಿ. ಮುದುಕಿಯ ಕಾರು ಕಸಿಯುವುದು, ಮದ್ಯದಂಗಡಿಯವನಿಗೆ ಬಂದೂಕು ತೋರಿಸುವುದು, ಪೊಲೀಸರ ಮುಖಕ್ಕೆ ಉಗುಳುವುದು, ಧ್ವಜವನ್ನು ತುಳಿಯುವುದು ಇವೆಲ್ಲ ನಗರದಲ್ಲಿ ನಡೆದೀತು, ನಮ್ಮಂಥ ಸಣ್ಣ ಊರಿಗೆ ಬಂದು ಮಾಡಿ ನೋಡಿ ಎಂಬ ಸವಾಲು ಅದರ ಸಾರ. ಅಜ್ಜ ಕೊಟ್ಟ ಬಂದೂಕಿನ ಪ್ರಸ್ತಾಪವೂ ಅದರಲ್ಲಿ ಬರುತ್ತದೆ. ಎರಡು ತಿಂಗಳು ಅದು ಉಳಿದ ಹಾಡುಗಳ ಜೊತೆ ಕಂಟ್ರಿ ರೇಡಿಯೊದಲ್ಲಿ ಸದ್ದಿಲ್ಲದೆ ಬರುತ್ತಿತ್ತು. ಯಾರೂ ಅದರ ಬಗ್ಗೆ ಜಗಳವಾಡಲಿಲ್ಲ. ಜಗಳ ಹುಟ್ಟಿದ್ದು ಜುಲೈ 14ರಂದು ವಿಡಿಯೊ ಬಿಡುಗಡೆಯಾದ ಮೇಲೆ.

ವಿಡಿಯೊದಲ್ಲಿ ಗಾಯಕರು ನಿಂತು ಹಾಡುವುದು ಟೆನೆಸ್ಸೀ ರಾಜ್ಯದ ಕೊಲಂಬಿಯಾ ಪಟ್ಟಣದಲ್ಲಿರುವ ಮೌರಿ ಕೌಂಟಿ ನ್ಯಾಯಾಲಯದ ಕಟ್ಟಡದ ಮುಂದೆ. ಅದರ ಗೋಡೆಯ ಮೇಲೆ ಗಲಭೆ, ಬೆಂಕಿ, ಪೊಲೀಸರೊಡನೆ ಘರ್ಷಣೆಯ ದೃಶ್ಯಗಳು ಮೂಡುತ್ತ ಹೋಗುತ್ತವೆ. 1927ರಲ್ಲಿ ಹೆನ್ರಿ ಚೋಟ್ ಎಂಬ ಹದಿನೆಂಟು ವರ್ಷದ ಕಪ್ಪು ಯುವಕನನ್ನು ಜನರ ಗುಂಪೊಂದು ಜೈಲಿನಿಂದ ಎಳೆದೊಯ್ದು ನೇಣಿಗೆ ಹಾಕಿದ್ದು ಇದೇ ಕಟ್ಟಡದಲ್ಲಿ. 1946ರಲ್ಲಿ ಇದೇ ಪಟ್ಟಣದಲ್ಲಿ ಜನಾಂಗೀಯ ಗಲಭೆ ನಡೆಯಿತು. ಬಂಧಿತರಾದ ಕಪ್ಪು ಜನರ ಪರವಾಗಿ ವಾದಿಸಲು ಬಂದವರಲ್ಲಿ, ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್ ಕೂಡ ಇದ್ದರು. ಈ ಹಿನ್ನೆಲೆ ತಿಳಿದವರಿಗೆ ‘ನಮ್ಮೂರಿಗೆ ಬಂದು ನೋಡಿ’ ಎಂಬ ಸವಾಲು ಯಾರನ್ನು ಉದ್ದೇಶಿಸಿದಂತೆ ಕೇಳಿಸಿತು ಎಂಬುದನ್ನು ವಿವರಿಸಬೇಕಾಗಿಲ್ಲ. ಹಾಡಿನಲ್ಲಿ ಜನಾಂಗವನ್ನು ಕುರಿತ ಒಂದೇ ಒಂದು ಪದವೂ ಇಲ್ಲವೆಂದು ಆಲ್ಡೀನ್ ಹೇಳಿದರು, ಅಕ್ಷರಶಃ ಅದು ನಿಜ. ಆ ಕಟ್ಟಡದ ಮುಂದೆ ಹಿಂದೆಯೂ ಅನೇಕ ಚಿತ್ರೀಕರಣಗಳು ನಡೆದಿವೆಯೆಂದು ವಿಡಿಯೊ ತಯಾರಿಸಿದವರು ಸಮಜಾಯಿಷಿ ಕೊಟ್ಟರು, ಅದೂ ನಿಜ. 2017ರಲ್ಲಿ ಲಾಸ್ ವೇಗಸ್‌ನ ಸಂಗೀತೋತ್ಸವದ ಮೇಲೆ ಗುಂಡಿನ ಮಳೆ ಸುರಿದಾಗ ವೇದಿಕೆಯ ಮೇಲಿದ್ದ ಗಾಯಕ ಬಂದೂಕಿನ ಹಾಡು ಹಾಡಬಹುದೇ ಎಂದು ಕೇಳಿದವರೂ ಇದ್ದರು. ಹಾಡು ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪು ಇಲ್ಲಿ ನನ್ನ ಕೆಲಸವಲ್ಲ. ಕೇಳಿದ ಪ್ರಶ್ನೆ ಅದಲ್ಲ.

ಈಗ ಮೊದಲ ತಪ್ಪಿಗೆ ಬರೋಣ. ಈ ಹಾಡಿಗೆ ಯಾವ ನಿಷೇಧವೂ ಬೀಳಲಿಲ್ಲ. ಸಿಎಂಟಿ ಎಂಬ ಕೇಬಲ್ ವಾಹಿನಿಯೊಂದು ವಿಡಿಯೊ ಬಂದ ಕೆಲವೇ ದಿನಗಳಲ್ಲಿ ಅದನ್ನು ತನ್ನ ಪ್ರಸಾರದಿಂದ ಹಿಂತೆಗೆದುಕೊಂಡಿತು, ಕಾರಣವನ್ನೂ ಹೇಳಲಿಲ್ಲ. ನಡೆದದ್ದು ಅಷ್ಟೇ. ವಿಡಿಯೊ ಯೂಟ್ಯೂಬಿನಲ್ಲಿ ಇದ್ದೇ ಇತ್ತು; ಆಮೇಲೆ ಅದರಿಂದ ಕೆಲವು ಸೆಕೆಂಡುಗಳ ಪ್ರತಿಭಟನೆಯ ದೃಶ್ಯವನ್ನು ಕತ್ತರಿಸಿದ್ದು ಹಕ್ಕುಸ್ವಾಮ್ಯದ ಕಾರಣಕ್ಕೆಂದು ಧ್ವನಿಮುದ್ರಣ ಸಂಸ್ಥೆಯೇ ತಿಳಿಸಿತು. ಹಾಡು ಸ್ಟ್ರೀಮಿಂಗ್ ಸೇವೆಗಳಲ್ಲಿತ್ತು, ಡೌನ್‌ಲೋಡ್ ಅಂಗಡಿಗಳಲ್ಲಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಕಂಟ್ರಿ ಸಂಗೀತದ ಜೀವನಾಡಿಯಾದ ಕಂಟ್ರಿ ರೇಡಿಯೊದಲ್ಲಿ ಅದು ಮೊದಲಿನಂತೆಯೇ ಬರುತ್ತಿತ್ತು.

ಎರಡನೆಯ ತಪ್ಪು ಇನ್ನೂ ಗಟ್ಟಿಯಾಗಿ ಬೇರು ಬಿಟ್ಟಿದೆ. ಹಾಡನ್ನು ಖಂಡಿಸಿದವರಲ್ಲಿ ಆಲ್ಡೀನ್ ಅವರ ಅಭಿಮಾನಿಗಳು ಎಷ್ಟು ಮಂದಿಯಿದ್ದರು? ಶೆರಿಲ್ ಕ್ರೋ, ಜೇಸನ್ ಇಸ್ಬೆಲ್ ಅವರಂಥ ಸಂಗೀತಗಾರರು ಬಹಿರಂಗವಾಗಿ ಟೀಕಿಸಿದರು, ಪತ್ರಿಕೆಗಳಲ್ಲಿ ಲೇಖನಗಳು ಬಂದವು, ಸಾಮಾಜಿಕ ಜಾಲತಾಣಗಳಲ್ಲಿ ಆಕ್ರೋಶ ಹರಿದಾಡಿತು. ಇವರಲ್ಲಿ ಬಹುಪಾಲು ಜನ ಅದಕ್ಕೆ ಮುಂಚೆಯೂ ಅವರ ಹಾಡನ್ನು ಕೊಂಡವರಲ್ಲ, ಅವರ ಕಛೇರಿಗೆ ಟಿಕೆಟ್ ತೆಗೆದವರಲ್ಲ. ಕಾಫಿಯನ್ನೇ ಕುಡಿಯದವನು ದರ್ಶಿನಿಯ ಕಾಫಿಗೆ ಬಹಿಷ್ಕಾರ ಹಾಕಿದರೆ ಗಲ್ಲಾದಲ್ಲಿ ಕೂತವನಿಗೆ ಅದು ಗೊತ್ತಾಗುವುದೂ ಇಲ್ಲ. ಖಂಡನೆ ನಡೆಯಿತು, ಅದಕ್ಕೆ ಬೇಕಾದಷ್ಟು ಕಾರಣವೂ ಇತ್ತು. ಆದರೆ ಗಿರಾಕಿಗಳು ಕೈಬಿಟ್ಟಾಗ ಮಾತ್ರ ಅದು ಬಹಿಷ್ಕಾರವಾಗುತ್ತದೆ, ಇಲ್ಲಿ ಗಿರಾಕಿಗಳು ಕೈಬಿಡಲಿಲ್ಲ.

ಕೈಬಿಡುವುದಿರಲಿ, ಅವರು ಸಾಲುಗಟ್ಟಿ ಬಂದು ಕೊಂಡರು. ಇಲ್ಲಿ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಲೆಕ್ಕ ಸ್ವಲ್ಪ ತಿಳಿದಿರಬೇಕು. ಸ್ಟ್ರೀಮಿಂಗ್, ರೇಡಿಯೊ ಪ್ರಸಾರ, ಮಾರಾಟ ಈ ಮೂರನ್ನೂ ಕೂಡಿಸಿ ಆ ಪಟ್ಟಿ ತಯಾರಾಗುತ್ತದೆ, ಅದರಲ್ಲಿ ಒಂದು ಹಾಡನ್ನು ದುಡ್ಡು ಕೊಟ್ಟು ಕೊಂಡುದಕ್ಕೆ ಒಮ್ಮೆ ಕೇಳಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ತೂಕವಿದೆ. ಇಂದು ಹಾಡನ್ನು ಡೌನ್‌ಲೋಡ್ ಮಾಡಿ ಕೊಳ್ಳುವವರು ಬಹಳ ಕಡಿಮೆ. ಆದ್ದರಿಂದ ಒಂದು ಗುಂಪು ಮನಸ್ಸು ಮಾಡಿ ತಲೆಗೊಂದು ಡಾಲರಿನಷ್ಟು ಖರ್ಚು ಮಾಡಿದರೆ ಪಟ್ಟಿಯ ತುದಿಯೇ ಅಲುಗಾಡುತ್ತದೆ. ವಿವಾದ ಹೊತ್ತಿಕೊಂಡ ಮೊದಲ ವಾರದಲ್ಲಿ ಹಾಡಿನ 2,28,000 ಪ್ರತಿಗಳು ಮಾರಾಟವಾದವು, ಸ್ಟ್ರೀಮಿಂಗ್ ಮಾತ್ರ 1.17 ಕೋಟಿಯಲ್ಲಿ ನಿಂತಿತು. ಅಪಾರ ಜನಪ್ರಿಯತೆ ಇರುವ ಹಾಡಿನಲ್ಲಿ ಕೇಳುವವರ ಸಂಖ್ಯೆ ಕೊಳ್ಳುವವರಿಗಿಂತ ಎಷ್ಟೋ ಪಟ್ಟು ದೊಡ್ಡದಾಗಿರುತ್ತದೆ. ಇಲ್ಲಿಯ ಅನುಪಾತ ನೋಡಿದರೆ ಇದು ಕೇಳುವ ಹಂಬಲಕ್ಕಿಂತ ಬೆಂಬಲ ತೋರಿಸುವ ಹಠದ ಲಕ್ಷಣವೆಂದು ಹೊಳೆಯುತ್ತದೆ. ಆ ವಾರ ಹಾಡು ಎರಡನೆಯ ಸ್ಥಾನಕ್ಕೆ ಬಂತು. ಮೊದಲನೆಯದು ಕೊರಿಯಾದ ಜಂಗ್ ಕುಕ್ ಅವರ ಹಾಡಿನ ಪಾಲಾಗಿತ್ತು. ಮುಂದಿನ ವಾರ ಸ್ಟ್ರೀಮಿಂಗ್ 3.07 ಕೋಟಿಗೇರಿ, ಮತ್ತೆ 1,75,000 ಪ್ರತಿಗಳು ಮಾರಾಟವಾಗಿ, ಆಗಸ್ಟ್ 5ರ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು.

ಪುಕ್ಕಟೆ ಪ್ರಚಾರದ ವಾದ ಮಾಡುವವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಅದರ ಮುಂದಿನ ವಾರ ಅದೇ ಹಾಡು 21ನೆಯ ಸ್ಥಾನಕ್ಕೆ ಕುಸಿಯಿತು. ಕ್ರಿಸ್‌ಮಸ್ ಹಾಡುಗಳನ್ನು ಬಿಟ್ಟರೆ ಮೊದಲ ಸ್ಥಾನದಿಂದ ಒಂದೇ ವಾರದಲ್ಲಿ ಅಷ್ಟು ಕೆಳಗೆ ಜಾರಿದ ಹಾಡುಗಳು ಬಹಳ ಕಡಿಮೆ. ಮಾರ್ಗನ್ ವಾಲನ್ ಅವರ ‘ಲಾಸ್ಟ್ ನೈಟ್’ ಮತ್ತೆ ಬಂದು ತನ್ನ ಹಳೆಯ ಜಾಗವಾದ ಮೊದಲ ಸ್ಥಾನದಲ್ಲಿ ಕುಳಿತಿತು. ಪ್ರಚಾರ ಸಿಕ್ಕಿತೇ ಎಂದು ಕೇಳಿದರೆ ಧಾರಾಳವಾಗಿ ಸಿಕ್ಕಿತು. ಆದರೆ ಅದನ್ನು ಕೊಟ್ಟದ್ದು ಎರಡು ಗುಂಪುಗಳ ಜಗಳ. ಒಂದು ಹಾಡನ್ನು ಅದರ ಕೇಳುಗರಿಂದ ದೂರ ಮಾಡುವ ಶಕ್ತಿ ಬಹಿಷ್ಕಾರಕ್ಕೆ ಇದೆಯೋ ಇಲ್ಲವೋ ಎಂಬುದಕ್ಕೆ ಈ ಪ್ರಕರಣದಲ್ಲಿ ಪುರಾವೆಯೇ ಇಲ್ಲ, ಏಕೆಂದರೆ ಅಂಥ ಪ್ರಯೋಗ ಇಲ್ಲಿ ನಡೆಯಲೇ ಇಲ್ಲ.

ಆ ಪ್ರಯೋಗ ನಡೆದದ್ದು 2003ರಲ್ಲಿ. ಮಾರ್ಚ್ 10ರಂದು, ಇರಾಕ್ ಯುದ್ಧ ಆರಂಭವಾಗಲು ಹತ್ತು ದಿನವಿರುವಾಗ, ಲಂಡನ್ನಿನ ಶೆಪರ್ಡ್ಸ್ ಬುಷ್ ಎಂಪೈರ್ ಸಭಾಂಗಣದಲ್ಲಿ ಡಿಕ್ಸಿ ಚಿಕ್ಸ್ ಎಂಬ ಮೂವರು ಮಹಿಳೆಯರ ಕಂಟ್ರಿ ತಂಡದ ನಟಾಲಿ ಮೇನ್ಸ್, ಅಧ್ಯಕ್ಷ ಬುಷ್ ತಮ್ಮ ಟೆಕ್ಸಾಸಿನವರೆಂಬುದಕ್ಕೆ ನಾಚಿಕೆಯಾಗುತ್ತದೆ ಎಂಬರ್ಥದ ಮಾತನಾಡಿದರು. ತಂಡದ ‘ಟ್ರಾವೆಲಿನ್ ಸೋಲ್ಜರ್’ ಹಾಡು ಆ ತಿಂಗಳು ಕಂಟ್ರಿ ಪಟ್ಟಿಯ ತುದಿ ಮುಟ್ಟಿತ್ತು. ವಿಯೆಟ್ನಾಂ ಯುದ್ಧಕ್ಕೆ ಹೋದ ಹುಡುಗನೊಬ್ಬನ ಬಗ್ಗೆ, ಅವನ ಪತ್ರಗಳಿಗಾಗಿ ಕಾಯುವ ಹುಡುಗಿಯ ಬಗ್ಗೆ ಇರುವ ಆ ಹಾಡಿನಲ್ಲಿ ಯಾರನ್ನೂ ಕೆಣಕುವ ಒಂದು ಸಾಲೂ ಇಲ್ಲ. ಸೈನಿಕರನ್ನು ಅಷ್ಟು ಮರುಕದಿಂದ ಕಂಡ ಹಾಡುಗಳೇ ಅಪರೂಪ. ಸೈನಿಕರ ಗೌರವದ ಹೆಸರಿನಲ್ಲಿಯೇ ಆ ಹಾಡು ರೇಡಿಯೊದಿಂದ ಮಾಯವಾಯಿತು! ಅದೇ ತಂಡದ ‘ಲ್ಯಾಂಡ್‌ಸ್ಲೈಡ್’ ಒಂದೇ ವಾರದಲ್ಲಿ ಹಾಟ್ 100 ಪಟ್ಟಿಯ 10ನೆಯ ಸ್ಥಾನದಿಂದ 43ಕ್ಕೆ ಇಳಿಯಿತು. ಲೂಯಿಸಿಯಾನದ ಬಾಸಿಯರ್ ಸಿಟಿಯಲ್ಲಿ ಜನ ತಾವೇ ಕೊಂಡಿದ್ದ ಸಿಡಿಗಳನ್ನು ತಂದು ಟ್ರ್ಯಾಕ್ಟರಿನ ಚಕ್ರದಡಿ ಹಾಕಿಸಿದರು. ಆ ಸಿಡಿಗಳ ಬೆಲೆ ತೆತ್ತವರು ಅವರೇ ಎಂಬುದನ್ನು ಗಮನಿಸಿ. ಆಲ್ಡೀನ್ ಪ್ರಕರಣದಲ್ಲಿ ಇಲ್ಲದ್ದು ಇದೇ. ಕ್ಯುಮುಲಸ್ ಎಂಬ ರೇಡಿಯೊ ಕಂಪನಿ ತನ್ನ 42 ಕಂಟ್ರಿ ಕೇಂದ್ರಗಳಲ್ಲಿ ಈ ತಂಡದ ಹಾಡುಗಳನ್ನು ಕೆಲಕಾಲ ನಿಲ್ಲಿಸಿತು, ಆ ವರ್ಷ ಜುಲೈನಲ್ಲಿ ಸೆನೆಟ್ ಸಮಿತಿಯ ಮುಂದೆ ಅದಕ್ಕೆ ಉತ್ತರವನ್ನೂ ಕೊಡಬೇಕಾಯಿತು. ಮೇ ತಿಂಗಳಿನಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ನಗರದ ಕೇಂದ್ರವೊಂದರ ಇಬ್ಬರು ನಿರೂಪಕರು ಸ್ಟುಡಿಯೊದ ಬಾಗಿಲು ಹಾಕಿಕೊಂಡು ಅವರ ಹಾಡುಗಳನ್ನು ಒಂದರ ಮೇಲೊಂದು ಪ್ರಸಾರ ಮಾಡಿದ್ದಕ್ಕೆ ಕೆಲಸದಿಂದ ಅಮಾನತುಗೊಂಡರು.

ಇದೆಲ್ಲ ದೊಡ್ಡ ರೇಡಿಯೊ ಕಂಪನಿಗಳು ಮೇಲಿನಿಂದ ಹೂಡಿದ ಸಂಚು ಎಂದು ನಂಬುವವರೂ ಇದ್ದಾರೆ. ರೇಡಿಯೊ ಕೇಂದ್ರಗಳ ಒಡೆತನದ ಮಿತಿಯನ್ನು ಸಡಿಲಿಸಿದ 1996ರ ದೂರಸಂಪರ್ಕ ಕಾಯ್ದೆಯ ನಂತರ ಸಾವಿರಕ್ಕೂ ಹೆಚ್ಚು ಕೇಂದ್ರಗಳು ಒಂದೇ ಕಂಪನಿಯ ಕೈಸೇರಿದ್ದವು, ಹಾಗಾಗಿ ಆ ಅನುಮಾನ ಹುಟ್ಟುವುದು ಸಹಜ. ಆದರೆ ಸಮಾಜಶಾಸ್ತ್ರಜ್ಞ ಗೇಬ್ರಿಯಲ್ ರಾಸ್‌ಮನ್ ಪ್ರಸಾರದ ದಾಖಲೆಗಳನ್ನಿಟ್ಟುಕೊಂಡು ನಡೆಸಿದ ಅಧ್ಯಯನದಲ್ಲಿ ಕಂಡದ್ದು ಬೇರೆಯೇ: ಕೇಂದ್ರಗಳನ್ನು ಮಣಿಸಿದ್ದು ಮುಖ್ಯವಾಗಿ ಕೇಳುಗರ ಒತ್ತಡ, ಮಾಲೀಕರ ಆಜ್ಞೆಯಲ್ಲ. ಗಿರಾಕಿಗಳೇ ಮುನಿದರು, ರೇಡಿಯೊ ಅವರ ಹಿಂದೆ ಹೋಯಿತು.

ಮೂರು ವರ್ಷಗಳ ಮೇಲೆ ತಂಡ ಆ ಕೋಪಕ್ಕೆ ಉತ್ತರವಾಗಿ ‘ನಾಟ್ ರೆಡಿ ಟು ಮೇಕ್ ನೈಸ್’ ಹಾಡನ್ನು ತಂದಿತು. 2007ರ ಗ್ರ್ಯಾಮಿ ಸಮಾರಂಭದಲ್ಲಿ ತಂಡಕ್ಕೆ ಐದು ಪ್ರಶಸ್ತಿಗಳು ಬಂದವು, ಹಾಡು ಹಾಟ್ 100 ಪಟ್ಟಿಯಲ್ಲಿ 4ನೆಯ ಸ್ಥಾನದವರೆಗೂ ಹೋಯಿತು. ಕಂಟ್ರಿ ಪಟ್ಟಿಯಲ್ಲಿ ಮಾತ್ರ ಅದು 36ನ್ನು ದಾಟಲಿಲ್ಲ. ಬಹಿಷ್ಕಾರ ಸೋತಿತೆಂದು ಹೇಳುವವರು ಗ್ರ್ಯಾಮಿಯನ್ನು ತೋರಿಸುತ್ತಾರೆ. ನಾನು ಈ 36ನ್ನು ತೋರಿಸುತ್ತೇನೆ. ತಮ್ಮನ್ನು ಬೆಳೆಸಿದ ಕೇಳುಗರು ಆ ಮೂವರಿಗೆ ಮರಳಿ ದಕ್ಕಲಿಲ್ಲ, ದಕ್ಕಿದ್ದು ಬೇರೆಯ ಕೇಳುಗರು.

ಇವೆರಡರ ನಡುವಿನ ಪ್ರಕರಣವೂ ಒಂದಿದೆ. ಕಂಟ್ರಿ ಗಾಯಕಿ ಲೊರೆಟ್ಟಾ ಲಿನ್ ಗರ್ಭನಿರೋಧಕ ಮಾತ್ರೆಯ ಬಗ್ಗೆ 1972ರಲ್ಲಿಯೇ ಹಾಡಿದ್ದ ‘ದ ಪಿಲ್’ ಮೂರು ವರ್ಷ ಕಪಾಟಿನಲ್ಲಿದ್ದು 1975ರಲ್ಲಿ ಹೊರಬಂದಾಗ ಅನೇಕ ರೇಡಿಯೊ ಕೇಂದ್ರಗಳು ಅದನ್ನು ಹಾಕಲು ಒಪ್ಪಲಿಲ್ಲ. ಆದರೂ ಅದು ಕಂಟ್ರಿ ಪಟ್ಟಿಯಲ್ಲಿ 5ನೆಯ ಸ್ಥಾನಕ್ಕೆ ಬಂತು. ಅಲ್ಲಿ ಬಾಗಿಲು ಮುಚ್ಚಿದವರು ಕೇಂದ್ರದ ಗಂಡಸರು, ಹಾಡು ಬೇಕಾಗಿದ್ದುದು ಕೇಳುವ ಹೆಂಗಸರಿಗೆ. ಗಿರಾಕಿ ಮುನಿಯದಿದ್ದರೆ ಬಾಗಿಲು ಕಾಯುವವನೊಬ್ಬನಿಂದ ಆಗುವುದು ಇಷ್ಟೇ.

ಇಲ್ಲಿಗೆ ಉತ್ತರ ಮುಗಿಯಿತು. ಆದರೆ ಇಷ್ಟು ಜನ ಬರೆದು ಕೇಳಿದರೂ ಒಬ್ಬರೂ ಕೇಳದ ಪ್ರಶ್ನೆಯೊಂದು ನನ್ನನ್ನು ಕಾಡುತ್ತದೆ: ಈ ಹಾಡುಗಳನ್ನು ಬರೆದವರು ಯಾರು? ಆಲ್ಡೀನ್ ಹಾಡನ್ನು ಆಲ್ಡೀನ್ ಬರೆದಿಲ್ಲ. ಕೆಲ್ಲಿ ಲವ್‌ಲೇಸ್, ನೀಲ್ ಥ್ರ್ಯಾಷರ್, ಟುಲ್ಲಿ ಕೆನೆಡಿ, ಕರ್ಟ್ ಆಲಿಸನ್ ಎಂಬ ನಾಲ್ವರು ಸೇರಿ ಬರೆದದ್ದು ಅದು. ಕೊನೆಯ ಇಬ್ಬರು ಅವರ ವಾದ್ಯತಂಡದವರು. ‘ದ ಪಿಲ್’ ಕೂಡ ಲೊರೆಟ್ಟಾ ಲಿನ್ ರಚನೆಯಲ್ಲ. ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ ನಗರದಲ್ಲಿ ಹಾಡು ಬರೆಯುವುದೇ ಒಂದು ಕಸುಬು. ನಾಲ್ಕು ಜನ ಒಂದು ಕೋಣೆಯಲ್ಲಿ ಕೂತು ಮುಗಿಸಿದ ಹಾಡನ್ನು ಐದನೆಯವನು ಹಾಡುತ್ತಾನೆ, ಬೈಗುಳವೂ ಜೈಕಾರವೂ ಐದನೆಯವನಿಗೇ ಸಲ್ಲುತ್ತವೆ.

ದುಡ್ಡಿನ ಹಾದಿ ಮಾತ್ರ ಬೇರೆ. ಅಮೆರಿಕದಲ್ಲಿ ಸಾಮಾನ್ಯ ರೇಡಿಯೊ ಕೇಂದ್ರಗಳು ಹಾಡು ಬರೆದವರಿಗೂ ಪ್ರಕಾಶಕರಿಗೂ ಗೌರವಧನ ಕೊಡುತ್ತವೆ, ಹಾಡಿದವರಿಗೆ ಕಾನೂನಿನ ಪ್ರಕಾರ ಏನೂ ಕೊಡಬೇಕಾಗಿಲ್ಲ. ಹಾಗಾದರೆ 2003ರ ಮಾರ್ಚಿನಲ್ಲಿ ‘ಟ್ರಾವೆಲಿನ್ ಸೋಲ್ಜರ್’ ಪ್ರಸಾರ ನಿಂತಾಗ, ಆ ಪ್ರಸಾರದ ಹಣ ತಪ್ಪಿಹೋದದ್ದು ನಟಾಲಿ ಮೇನ್ಸ್ ಅವರಿಗಲ್ಲ. ಅದು ತಪ್ಪಿದ್ದು ಹಾಡನ್ನು ಬರೆದ ಬ್ರೂಸ್ ರಾಬಿಸನ್ ಅವರಿಗೆ. ತಂಡದ ಎಮಿಲಿ ಅವರಿಗೆ ಆಗ ಇವರು ಸಂಬಂಧದಲ್ಲಿ ಮೈದುನ. ಲಂಡನ್ನಿನ ವೇದಿಕೆಯ ಮಾತಿಗೂ ಇವರಿಗೂ ಇದ್ದ ನಂಟು ಅಷ್ಟೇ. 2023ರ ಲೆಕ್ಕವೂ ಹೀಗೆಯೇ ಇದೆ. ಆ ವರ್ಷ ಒಂದು ಡೌನ್‌ಲೋಡಿಗೆ ರಚನೆಯ ಪಾಲಿಗೆ ಕಾನೂನು ಗೊತ್ತುಮಾಡಿದ ದರ 12 ಸೆಂಟ್. ವಿವಾದದ ಮೊದಲ ವಾರದ 2,28,000 ಪ್ರತಿಗಳಿಗೆ ಅದು ಸುಮಾರು 27,000 ಡಾಲರ್ ಆಗುತ್ತದೆ. ಅದನ್ನು ನಾಲ್ವರು ರಚನಕಾರರೂ ಅವರ ಪ್ರಕಾಶಕರೂ ಹಂಚಿಕೊಳ್ಳಬೇಕು.